ಕೊಪ್ಪರಿಗೆಯ ಪಾಪಿಗೊಂದು ಮುಖ

"ಒಬ್ಬರದೇ ಕೂದಲು ಬೇಡ. ಅಪ್ಪಿತಪ್ಪಿಯೂ ಬೇಡ," ಎನ್ನುತ್ತ ಮೇಸ್ತ್ರಿ ಗೋಣಿಚೀಲದ ಬಾಯಿ ಬಿಚ್ಚಿದ. ಚೀಲದ ತುಂಬ ಕ್ಷೌರದ ಅಂಗಡಿಗಳಿಂದ ಗುಡಿಸಿ ತಂದ ಕೂದಲು. ಕರಿಯದು, ನರೆತದ್ದು, ಬಣ್ಣ ಹಚ್ಚಿ ಕೆಂಪಾದದ್ದು. ಎಣ್ಣೆ, ಸೋಪು, ಬೆವರು ಎಲ್ಲ ಸೇರಿ ಹಳಸಿದ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. "ಐದು ಅಂಗಡಿಯದ್ದು ತರಬೇಕು. ಐದನ್ನೂ ಒಟ್ಟಿಗೆ ಸುರಿದು ಕಲಸಬೇಕು. ಯಾವುದು ಯಾರ ತಲೆಯದು ಅಂತ ದೇವರಿಗೂ ಗೊತ್ತಾಗಬಾರದು. ಆಮೇಲೇ ಗಾರೆಗೆ ಹಾಕೋದು."

ಅಚ್ಚಿನಮ್ಮನಿಗೆ ನಗು ಬಂತು. ದೊಡ್ಡ ದೊಡ್ಡ ಮನೆಗಳ ಛಾವಣಿಗೆ ಗಾರೆಯ ಹೂಬಳ್ಳಿಗಳನ್ನು ಅಚ್ಚು ಹಾಕಿಕೊಟ್ಟು ಆ ಹೆಸರು ಪಡೆದವಳು ಅವಳು. ಹದಿನೈದು ವರ್ಷ ಗಾರೆಯಲ್ಲಿ ಕೈಯಾಡಿಸಿದವಳಿಗೆ ಇದೇನು ಹೊಸ ಪಾಠ?

"ಒಣಗಿದ ಮೇಲೆ ಬಿರುಕು ಬಿಡದಿರಲಿ ಅಂತ ಕೂದಲು ಹಾಕ್ತೀವಿ ಮೇಸ್ತ್ರೀ. ಅದಕ್ಕೆ ಒಬ್ಬರದಾದರೇನು, ನೂರು ಜನರದಾದರೇನು?"

"ಬೇರೆ ಕಡೆ ಹಾಗೇ. ಇಲ್ಲಿ ಹಾಗಲ್ಲ." ಮೇಸ್ತ್ರಿ ಗೋಡೆಯ ಮೊಳೆಗೆ ನೇತುಹಾಕಿದ್ದ ಹಳೆಯ ಅಚ್ಚೊಂದನ್ನು ತೋರಿಸಿದ. ಅಗಲವೂ ಅಲ್ಲ, ಉದ್ದವೂ ಅಲ್ಲ. ಯಾರನ್ನೂ ಹೋಲದ ಮುಖ. "ಇನ್ನೊಂದು ಮಾತು. ಪಾಪಿಗಳಿಗೆಲ್ಲ ಇದೇ ಮುಖ. ಕೈಚಳಕ ತೋರಿಸೋಕೆ ಹೋಗಿ ಕಂಡವರ ಮುಖ ತಿದ್ದಬೇಡ ತಾಯಿ. ಇಲ್ಲಿ ಪಾಪಿಗೆ ಮುಖ ಕೊಟ್ಟವರಿಗೆ ಇಲ್ಲೇ ಕೆಲಸ ಸಿಗುತ್ತೆ."

"ಸಿಗಲಿ ಬಿಡಿ. ಇಷ್ಟು ವರ್ಷಕ್ಕೆ ಖಾಯಂ ಕೆಲಸ ಅಂತ ಒಂದಾದ್ರೂ ಸಿಕ್ಕಿತಲ್ಲ!"

ಮೇಸ್ತ್ರಿ ನಗಲಿಲ್ಲ. ಚೀಲದ ಬಾಯಿ ಕಟ್ಟಿ ಗಂಟನ್ನು ಎರಡೆರಡು ಸಲ ಎಳೆದು ನೋಡಿದ.

ಊರವರ ಬಾಯಲ್ಲಿ ಅದು ನರಕದ ಮನೆ. ಕಿಟಕಿಗಳೇ ಇಲ್ಲದ ಕಟ್ಟಡ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಬಾಗಿಲು ದಾಟಿದ ಹತ್ತೇ ಹೆಜ್ಜೆಗೆ ಕತ್ತಲು ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಳ್ಳುತ್ತಿತ್ತು. ಒಂದರ ಹಿಂದೊಂದು ಏಳು ಕೋಣೆ. ಮೇಸ್ತ್ರಿಯ ಅಜ್ಜ ಕಟ್ಟಿದ್ದು. ಯಾವ ದೇಶದ, ಯಾವ ದೇವರ ನರಕವಾದರೂ ಸರಿ, ಕೇಳಿದ್ದನ್ನೆಲ್ಲ ಗಾರೆಯಲ್ಲಿ ಇಳಿಸಿದ್ದನಂತೆ. ಒಂದರಲ್ಲಿ ಗರಗಸ. ಒಂದರಲ್ಲಿ ಸೂಜಿಯ ಹಾಸಿಗೆ. ಮೂರನೆಯದು ಕವಿಗಳು ಕಂಡ ನರಕ. ಅಲ್ಲಿ ಬೆಂಕಿಯ ಸುಳಿವೇ ಇಲ್ಲ, ಹೆಪ್ಪುಗಟ್ಟಿದ ಕೆರೆಯಲ್ಲಿ ಕತ್ತಿನವರೆಗೆ ಹೂತ ತಲೆಗಳು ಮಾತ್ರ. ಕಟ್ಟಕಡೆಯದು ಈಚೆಗೆ ಬದಲಾಯಿಸಿದ್ದು, ಸಿನಿಮಾ ನರಕ. ಕೆಂಪು ಬಲ್ಬು, ಹೊಗೆ ಯಂತ್ರ, ಧ್ವನಿಪೆಟ್ಟಿಗೆಯಿಂದ ಬರುವ ಕಿರುಚಾಟ. ಮಕ್ಕಳು ಅಲ್ಲಿ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಅದಕ್ಕೂ ಹಿಂದಿನ ಕೋಣೆಯಲ್ಲಿ, ಆರನೆಯದರಲ್ಲಿ, ಯಾರೂ ನಗುತ್ತಿರಲಿಲ್ಲ. ಅಲ್ಲಿದ್ದದ್ದು ಎರಡಾಳು ಎತ್ತರದ ಕೊಪ್ಪರಿಗೆ. ಎಣ್ಣೆಯಲ್ಲಿ ಎದೆಮಟ್ಟ ಮುಳುಗಿದ ಒಬ್ಬ ಪಾಪಿ. ಪಕ್ಕದ ಕಟ್ಟೆಯ ಮೇಲೆ ಉದ್ದ ಹಿಡಿಯ ಸೌಟು ಹಿಡಿದು ನಿಂತ ಕಿಂಕರ.

ಏಳು ಕೋಣೆಯ ಕಿಂಕರರೂ ನೋಡುವವರಿಗೆ ಬೆನ್ನು ಹಾಕಿ ನಿಂತಿದ್ದರು. ಮುಖ ಗೋಡೆಯ ಕಡೆಗೆ, ಕತ್ತಲಿಗೆ.

"ಇವರಿಗ್ಯಾಕೆ ನಾಚಿಕೆ?" ಎಂದು ಕೇಳಿದ್ದಳು ಅಚ್ಚಿನಮ್ಮ.

"ನರಕದ ಚಿತ್ರ ಎಷ್ಟು ನೋಡಿಲ್ಲ ನೀನು? ಪುಸ್ತಕದಲ್ಲಿ, ಸಿನಿಮಾದಲ್ಲಿ, ಕ್ಯಾಲೆಂಡರಿನಲ್ಲಿ. ಎಲ್ಲರೂ ಬೇಯೋನನ್ನೇ ನೋಡ್ತಾರೆ. ಬೇಯಿಸೋನು ಯಾವ ಪಾಪ ಮಾಡಿ ಅಲ್ಲಿಗೆ ಬಂದ ಅಂತ ಒಬ್ಬರಾದ್ರೂ ಕೇಳಿದ್ದುಂಟಾ?"

"ಅವರು ನೌಕರರು ಮೇಸ್ತ್ರೀ. ಸಂಬಳಕ್ಕೆ ಬಂದಿರ್ತಾರೆ."

ಆಗಲೂ ಮೇಸ್ತ್ರಿ ನಗಲಿಲ್ಲ.

ಅವಳು ಕೆಲಸಕ್ಕೆ ಸೇರಿದ ಎರಡನೆಯ ವಾರ, ರಿಪೇರಿ ಕೆಲಸಕ್ಕೆ ನೆರವಾದ ದಾನಿ ಸ್ಥಳ ನೋಡಲು ಬಂದ. ಬಿಳಿ ಪ್ಯಾಂಟು, ಬಿಳಿ ಶರಟು, ಇಸ್ತ್ರಿಯ ಗೆರೆ ಚಾಕುವಿನಷ್ಟು ಚೂಪು. ಲಾಂಡ್ರಿ ಧಣಿ. ಅಚ್ಚಿನಮ್ಮನ ಕೈಯಲ್ಲಿದ್ದ ಕರಣೆ ಹಾಗೇ ನಿಂತುಬಿಟ್ಟಿತು.

ಮೂರು ವರ್ಷದ ಹಿಂದೆ ಅವಳ ಗಂಡ ಅದೇ ಲಾಂಡ್ರಿಯ ಬಾಯ್ಲರ್ ಕಾಯುತ್ತಿದ್ದ. ಹಬೆ ಬಿಡುವ ವಾಲ್ವ್ ಕಚ್ಚಿಕೊಂಡಿದೆ ಎಂದು ಮೂರು ಸಲ ಧಣಿಗೆ ಹೇಳಿದ್ದ. ಹೋಟೆಲುಗಳ ಚಾದರಗಳೆಲ್ಲ ಸಂಜೆಯೊಳಗೆ ಹೋಗಲಿ, ಆಮೇಲೆ ನೋಡೋಣ ಎಂದಿದ್ದ ಧಣಿ. ಸಂಜೆಯವರೆಗೆ ಬಾಯ್ಲರ್ ಕಾಯಲಿಲ್ಲ, ಸಿಡಿಯಿತು. ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ತಂದಿದ್ದ ಮಗಳು, ಆಗವಳಿಗೆ ಏಳು ವರ್ಷ, ಕಬ್ಬಿಣದ ಬಾಗಿಲಿನ ಈಚೆ ನಿಂತು ಒಳಗಿನ ಕೂಗನ್ನು ಕೊನೆಯವರೆಗೂ ಕೇಳಿದಳು. ವಿಚಾರಣೆಯಲ್ಲಿ ಧಣಿ ಎದೆಯ ಮೇಲೆ ಕೈಯಿಟ್ಟು ಹೇಳಿದ, "ಪಾಪ, ಒಳ್ಳೆ ಮನುಷ್ಯ. ಆದರೆ ಅವತ್ತು ನಿದ್ದೆ ಮಾಡಿಬಿಟ್ಟಿದ್ದ." ಕಡತ ಮುಚ್ಚಿತು. ಬೆಂದು ಸತ್ತವನೇ ತಪ್ಪಿತಸ್ಥನಾದ.

ಅಂದಿನಿಂದ ಮಗಳು ಒಬ್ಬಳೇ ಮಲಗಿದವಳಲ್ಲ. ಅಮ್ಮನ ಅಂಗೈ ಬೆನ್ನ ಮೇಲಿದ್ದರೆ ಮಾತ್ರ ನಿದ್ದೆ. ಕೈ ತೆಗೆದರೆ ಬೆಚ್ಚಿ ಏಳುತ್ತಿದ್ದಳು. ಅಚ್ಚಿನಮ್ಮ ಎಷ್ಟೋ ದಿನ ಒಂದೇ ಮಗ್ಗುಲಲ್ಲಿ ಬೆಳಗು ಮಾಡಿದ್ದಳು. ದಿನವಿಡೀ ಗಾರೆ ಕಲಸಿ ಜೋಮು ಹಿಡಿದ ಆ ಕೈಯೊಂದೇ ಮಗುವಿಗೆ ಉಳಿದಿದ್ದ ಧೈರ್ಯ.

ಲಾಂಡ್ರಿ ಧಣಿ ಅವಳ ಗುರುತು ಹಿಡಿಯಲಿಲ್ಲ. ಜೊತೆಗಿದ್ದ ಮೊಮ್ಮಗಳನ್ನು ಎತ್ತಿ ಹಿಡಿದು ಕೊಪ್ಪರಿಗೆ ತೋರಿಸಿದ. ಪಾಪಿಯ ತಲೆ ತೇವಕ್ಕೆ ಪುಡಿಯಾಗಿ ಉದುರಿತ್ತು; ಬರೀ ಕತ್ತಿತ್ತು.

"ನೋಡು ಪುಟ್ಟಾ, ಸುಳ್ಳು ಹೇಳಿದವರನ್ನ ಹೀಗೆ ಎಣ್ಣೆಯಲ್ಲಿ ಬೇಯಿಸ್ತಾರೆ."

"ತಲೇನೇ ಇಲ್ವಲ್ಲ ತಾತ?"

"ಈ ಅಮ್ಮ ಮಾಡಿ ಇಡ್ತಾಳೆ." ಅಚ್ಚಿನಮ್ಮನ ಕಡೆ ತಿರುಗಿ ಹಲ್ಲು ಬಿಟ್ಟ. "ಚೆನ್ನಾಗಿ ಮಾಡಮ್ಮಾ. ನೋಡಿದವರಿಗೆ ಭಯ ಹುಟ್ಟಬೇಕು."

"ಮಾಡ್ತೀನಿ ಸ್ವಾಮೀ," ಎಂದಳು ಅವಳು. "ನಿಜವಾದ ಮನುಷ್ಯನ ಹಾಗೇ ಮಾಡ್ತೀನಿ."

ಕೂದಲು ತರುವ ಸರದಿ ಆ ವಾರ ಅವಳದೇ. ನಾಲ್ಕು ಅಂಗಡಿ ಮುಗಿಸಿ ಐದನೆಯದಕ್ಕೆ ಹೋದಾಗ ಬೆಳಿಗ್ಗೆ ಹತ್ತು ಗಂಟೆ. ಲಾಂಡ್ರಿ ಧಣಿ ಪ್ರತಿ ಗುರುವಾರ ಅದೇ ಹೊತ್ತಿಗೆ ಅಲ್ಲಿ ಕೂರುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಅವನೆದ್ದು ಹೋಗುವವರೆಗೆ ಹೊರಗಿನ ಬೆಂಚಿನ ಮೇಲೆ ಕಾದಳು. ಒಳಗೆ ಕುರ್ಚಿಯ ಸುತ್ತ ಬಿಳಿಗೂದಲಿನ ಸಣ್ಣ ಉಂಗುರಗಳು ಬಿದ್ದಿದ್ದವು.

"ಇದನ್ನ ಬೇರೆ ಕಟ್ಟಿಕೊಡಣ್ಣ," ಎಂದಳು ಕಾಗದ ಹಾಸುತ್ತ.

ಕ್ಷೌರದವನು ಪೊರಕೆ ಹಿಡಿದು ಅವಳನ್ನೇ ನೋಡಿದ. "ಯಾಕಕ್ಕ, ಆ ತಲೆ ಮೇಲೆ ಅಷ್ಟೊಂದು ಪ್ರೀತಿ?"

"ಹೂಂ. ಜೋಪಾನವಾಗಿ ಇಟ್ಕೊತೀನಿ."

"ಇಟ್ಕೋ, ಇಟ್ಕೋ. ಒಳಗಿರೋದಕ್ಕಿಂತ ಹೊರಗಿರೋದೇ ವಾಸಿ ಆ ತಲೇಲಿ," ಎಂದು ನಕ್ಕು ಪೊಟ್ಟಣ ಕಟ್ಟಿ ಕೊಟ್ಟ.

ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಅವಳು ಆರನೆಯ ಕೋಣೆಯ ಮೂಲೆಯಲ್ಲಿ ಕುಳಿತು ಗಾರೆ ಕಲಸಿದಳು. ಸುಣ್ಣದ ಕಟು ವಾಸನೆಗೆ ಕಣ್ಣುರಿ. ಪೊಟ್ಟಣ ಬಿಚ್ಚಿ ಸುರಿದಳು. ಇದನ್ನೆಲ್ಲ ನಂಬುವ ಪೈಕಿ ಅವಳಲ್ಲ. ನಂಬಿಕೆಯಿಲ್ಲದಿದ್ದರೂ ಮಾಡಬೇಕೆನಿಸಿತು, ಅಷ್ಟೇ. ಕಾನೂನು ಕೊಡದ ಶಿಕ್ಷೆಯನ್ನು ಗಾರೆಯಲ್ಲಾದರೂ ಕೊಟ್ಟುಬಿಡೋಣ, ದಿನಾ ನೂರು ಜನ ಬಂದು ನೋಡಲಿ ಎಂಬ ಒಡಲುರಿ. ಅಚ್ಚನ್ನು ಗೋಡೆಯ ಮೊಳೆಯಲ್ಲೇ ಬಿಟ್ಟು ಬರಿಗೈಯಲ್ಲಿ ತಿದ್ದತೊಡಗಿದಳು. ದಪ್ಪ ಹುಬ್ಬು. ಎಡಕ್ಕೆ ಸೊಟ್ಟಗಾದ ಮೂಗು. ಪಾಪದವನೆಂದು ಮರುಗುವಾಗ ಒಳಕ್ಕೆ ಮಡಚಿಕೊಳ್ಳುವ ಆ ಕೆಳತುಟಿ. ಮೂರು ವರ್ಷದಿಂದ ಕಣ್ಣು ಮುಚ್ಚಿದಾಗಲೆಲ್ಲ ಕಂಡ ಮುಖ. ಬೆರಳು ಎಲ್ಲೂ ತಡವರಿಸಲಿಲ್ಲ.

ಮುಖ ಮುಗಿದಾಗ ಅದು ಬೆಚ್ಚಗಿತ್ತು. ಸುಣ್ಣ ಕಾವು ಬಿಡುತ್ತದೆ, ಅದರಲ್ಲೇನಿದೆ ಎಂದುಕೊಂಡು ಕತ್ತಿನ ಮೇಲೆ ಕೂರಿಸಿದಳು. ಒಣಗಲಿ ಎಂಬ ನೆಪದಲ್ಲಿ, ಮೇಸ್ತ್ರಿಯ ಕಣ್ಣಿಗೆ ಬೀಳದ ಹಾಗೆ ಮೇಲೊಂದು ಗೋಣಿ ಹೊದಿಸಿದಳು. ಹಿಂದಿನಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟ ಸದ್ದು. ತಿರುಗಿ ನೋಡಿದರೆ ಕಿಂಕರನ ಬೆನ್ನು. ಅಷ್ಟೇ.

ನಾಲ್ಕನೆಯ ದಿನ ಅವಳ ಅಕ್ಕ ಓಡೋಡಿ ಬಂದಳು. ಅಕ್ಕ ಆಸ್ಪತ್ರೆಯಲ್ಲಿ ಆಯಾ. ಸುಟ್ಟಗಾಯದ ವಾರ್ಡಿನ ಹಾಸಿಗೆ ಬದಲಾಯಿಸುವ ಕೆಲಸ ಅವಳದು. ಬಾಗಿಲು ಹಾಕಿಕೊಂಡು ಪಿಸುದನಿಯಲ್ಲಿ ಹೇಳಿದಳು.

"ಆ ಲಾಂಡ್ರಿಯವನು ನಮ್ಮ ವಾರ್ಡಿಗೆ ಬಂದಿದಾನೆ ಕಣೇ. ಬೆಂಕಿ ಇಲ್ಲ, ಹಬೆ ಇಲ್ಲ, ಏನೂ ಇಲ್ಲ. ಎದೆಯಿಂದ ಕೆಳಗೆ ಚರ್ಮ ಬೊಬ್ಬೆ ಬೊಬ್ಬೆ ಏಳ್ತಿದೆ. ಡಾಕ್ಟರುಗಳು ಮುಖ ಮುಖ ನೋಡ್ಕೊತಿದಾರೆ. ತಣ್ಣೀರು ಕುಡಿಸಿದ್ರೆ ಬಾಯಿಂದ ಹಬೆ ಬರುತ್ತೆ. ಹಾಸಿಗೆ ತೆಗೆಯೋಕೆ ಹೋದ್ರೆ ಎಣ್ಣೆ ಕಮಟು ವಾಸನೆ. ನನಗೆ ಕೈಕಾಲೇ ಆಡ್ಲಿಲ್ಲ."

"ಕೂಗ್ತಾನಾ?" ಎಂದು ಕೇಳಿದಳು ಅಚ್ಚಿನಮ್ಮ.

"ಏನಂದೆ?"

"ಜೋರಾಗಿ ಕೂಗ್ತಾನಾ ಅಂದೆ."

ಅಕ್ಕ ಅವಳ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

ಆ ದಿನ ಅಚ್ಚಿನಮ್ಮ ಹೊಟ್ಟೆ ತುಂಬ ಊಟ ಮಾಡಿದಳು. ಮೂರು ವರ್ಷದಲ್ಲಿ ಮೊದಲ ಸಲ ಅನ್ನಕ್ಕೆ ರುಚಿಯಿತ್ತು. ತಟ್ಟೆ ತೊಳೆಯುತ್ತ ಏನೋ ಗುನುಗಿಕೊಂಡಳು. ಬಲತೋಳು ಎಳೆಯುತ್ತಿತ್ತು, ಭುಜದ ಕೀಲಿನಲ್ಲಿ ಸಣ್ಣ ನೋವು. ದಿನವಿಡೀ ಭಾರದ್ದೇನನ್ನೋ ಎತ್ತಿ ಸುರಿದ ಹಾಗೆ. ತಲೆಗೂದಲಿನಲ್ಲಿ ಕಾದ ಎಣ್ಣೆಯ ವಾಸನೆ. ಎರಡು ಸಲ ಸ್ನಾನ ಮಾಡಿದರೂ ಹೋಗಲಿಲ್ಲ.

ಮುಸ್ಸಂಜೆಗೆ ಮಗಳು ಶಾಲೆಯ ಪುಸ್ತಕದ ಮೇಲೇ ತೂಕಡಿಸಿದಳು. ಚಾಪೆ ಹಾಸಿ ಮಲಗಿಸಿ, ಎಂದಿನಂತೆ ಬೆನ್ನ ಮೇಲೆ ಅಂಗೈ ಇಟ್ಟಳು.

ಚುರ್ ಎಂದಿತು.

ಮಗು ಚೀರಿದ ಚೀರಿಗೆ ಪಕ್ಕದ ಮನೆಯ ದೀಪ ಹೊತ್ತಿತು. ಅಂಗಿ ಎತ್ತಿ ನೋಡಿದರೆ ಪುಟ್ಟ ಬೆನ್ನಿನ ಮೇಲೆ ಐದು ಬೆರಳು. ಒಂದೊಂದೂ ಉಬ್ಬಿ, ಕೆಂಪಾಗಿ, ಅಂಚಿನಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಅಚ್ಚಿನಮ್ಮ ತನ್ನ ಅಂಗೈಯನ್ನು ಕೆನ್ನೆಗೆ ಒತ್ತಿ ನೋಡಿದಳು. ಅವಳಿಗೆ ಅದು ತಣ್ಣಗೇ ಇತ್ತು. ಸಮಾಧಾನ ಮಾಡಲು ಮುಂದೆ ಬಾಗಿದರೆ ಮಗಳು ಗೋಡೆಗೆ ಆತುಕೊಂಡು ಕಾಲು ಮಡಚಿದಳು.

"ಬೇಡಮ್ಮಾ. ಮುಟ್ಬೇಡ. ನಿನ್ ಕೈ ಅಪ್ಪನ್ ಬಾಯ್ಲರ್ ಥರ ಆಗಿದೆ."

ಅಕ್ಕ ಬಂದು ಮಗುವನ್ನು ತನ್ನ ಮನೆಗೆ ಕರೆದೊಯ್ದಳು. ಹೋಗುವಾಗ ಮಗಳು ತಿರುಗಿ ನೋಡಿದಳು. ಅಚ್ಚಿನಮ್ಮ ಕೈ ಬೀಸಲೂ ಹೆದರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಮರುದಿನ ನರಕದ ಮನೆಗೆ ವಾರದ ರಜೆ. ಬೆಳಿಗ್ಗೆ ಎಂಟಕ್ಕೆ ಮೇಸ್ತ್ರಿಯ ಕದ ಬಡಿದಳು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮುದುಕ ಬೈಯಲಿಲ್ಲ. ಟಾರ್ಚು ಮತ್ತು ಮರದ ಕೊಡತಿ ತೆಗೆದುಕೊಂಡು ಮುಂದೆ ನಡೆದ.

ಕರೆಂಟು ತೆಗೆದಿದ್ದರು. ಒಳಗೆ ಹೊರಗಿನ ಬೆಳಗಿನ ಸುಳಿವೂ ಇಲ್ಲ. ಮೊದಲ ಕೋಣೆ, ಎರಡನೆಯದು. ಸೂಜಿಯ ಹಾಸಿಗೆಯ ಬಳಿ ಮೇಸ್ತ್ರಿ ಒಂದು ಕ್ಷಣ ನಿಂತು, ಅಲ್ಲಿನ ಕಿಂಕರನ ಬೆನ್ನು ಸವರಿದ.

"ಇವನು ನಮ್ಮಣ್ಣ," ಎಂದ.

ಅಚ್ಚಿನಮ್ಮ ಆ ಬೆನ್ನು ಮುಟ್ಟಲು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ನನ್ನಜ್ಜ ಶಿಲ್ಪಿಯಲ್ಲ ತಾಯಿ, ಮಾಟಗಾರ. ಈ ಮನೆ ಕಟ್ಟಿದ್ದು ಜನ ನೋಡಲಿ ಅಂತಲ್ಲ. ಏಳು ಜನ ವೈರಿಗಳು, ಏಳು ಕೋಣೆ. ನಮ್ಮಪ್ಪ ಇದನ್ನ ಒಡೆಯೋಕೆ ನೋಡಿದ, ಆಗಲಿಲ್ಲ. ಕೊನೆಗೆ ನೂರು ತಲೆಯ ಕೂದಲು ಕಲಸಿ, ಯಾರದ್ದೂ ಅಲ್ಲದ ಮುಖ ಹಾಕಿ ಮಾಟವನ್ನ ಮಲಗಿಸಿಟ್ಟ. ಅಣ್ಣನಿಗೆ ಒಬ್ಬನ ಮೇಲೆ ಸಿಟ್ಟಿತ್ತು. ನಿನಗಿದ್ದಷ್ಟೇ."

ಆರನೆಯ ಕೋಣೆ. ಬಾಗಿಲಲ್ಲೇ ಬಿಸಿಗಾಳಿ ಮುಖಕ್ಕೆ ರಾಚಿತು. ಕಮಟು ವಾಸನೆ. ಚರ್ಮ ಬೇಯುವ ವಾಸನೆ. ಒಣ ಗಾರೆಯ ಕೊಪ್ಪರಿಗೆಯೊಳಗೆ ಏನೋ ಗುಳುಗುಳು ಕುದಿಯುತ್ತಿತ್ತು.

"ಹೋಗಿ ನೋಡು," ಎಂದ ಮೇಸ್ತ್ರಿ, ಟಾರ್ಚು ಕೊಟ್ಟು.

ಅವಳು ಕಟ್ಟೆ ಹತ್ತಿದಳು. ಗೋಡೆಗೂ ಕಿಂಕರನಿಗೂ ನಡುವೆ ಒಂದು ಗೇಣು ಸಂದು. ಮೈ ಕಿರಿದು ಮಾಡಿ ತೂರಿಕೊಂಡು ಬೆಳಕು ಮೇಲೆತ್ತಿದಳು. ಇದುವರೆಗೆ ಯಾರೂ ತಿದ್ದದ, ಬರೀ ಗಾರೆಯ ಉಂಡೆಯಾಗಿದ್ದ ಜಾಗದಲ್ಲಿ ಈಗ ಮುಖವಿತ್ತು. ಹಣೆಯ ಮಚ್ಚೆ. ಮುರಿದ ಮುಂದಿನ ಹಲ್ಲು. ಅಗಲಕ್ಕೆ ತೆರೆದ ಕಣ್ಣು. ಮುಖದ ತುಂಬ ಸುಖದ ನಗು.

ಅವಳದೇ ಮುಖ.

ಟಾರ್ಚು ಕೈಜಾರಿ ಬಿತ್ತು. ಆರಲಿಲ್ಲ. ನೆಲದಿಂದ ಮೇಲಕ್ಕೆ ಬೆಳಕು ಚೆಲ್ಲುತ್ತ ಬಿದ್ದುಕೊಂಡಿತು.

"ಒಡಿ," ಎಂದ ಮೇಸ್ತ್ರಿ ಬಾಗಿಲಿನಿಂದಲೇ. ಕೊಡತಿಯನ್ನು ನೆಲದ ಮೇಲೆ ಜಾರಿಸಿದ. "ಪಾಪಿಯ ಮುಖ ಒಡಿ. ಮಾಡಿದ ಕೈಯೇ ಒಡೀಬೇಕು, ನಾನು ಮುಟ್ಟಿದ್ರೆ ಏನೂ ಆಗಲ್ಲ. ಅವನ ಉಸಿರಿರೋವಾಗಲೇ ಒಡಿ. ಇಬ್ಬರೂ ಬಿಡುಗಡೆ. ಅವನು ಸತ್ತನೋ, ಸೌಟು ನಿನ್ನ ಕೈಗೆ ಬರುತ್ತೆ. ಆಮೇಲೆ ಕೆಳಗಿಡೋದು ಅಂತಿಲ್ಲ."

"ಒಡೆದರೆ ಅವನು?"

"ಬದುಕ್ತಾನೆ."

"ಎದ್ದು ಓಡಾಡ್ತಾನಾ?"

"ಓಡಾಡ್ತಾನೆ."

ಬೆಳಿಗ್ಗೆಯೇ ಅಕ್ಕ ಫೋನಿನಲ್ಲಿ ಹೇಳಿದ್ದಳು, ಲಾಂಡ್ರಿಯವನು ಮಧ್ಯಾಹ್ನ ದಾಟುವುದು ಕಷ್ಟ ಅಂದಿದಾರೆ ಡಾಕ್ಟರು ಎಂದು. ಅಚ್ಚಿನಮ್ಮ ಇಳಿದು ಕೊಡತಿ ಎತ್ತಿಕೊಂಡು ಮತ್ತೆ ಕಟ್ಟೆ ಹತ್ತಿದಳು. ಕೊಪ್ಪರಿಗೆಯ ಅಂಚಿಗೆ ಬಂದು ಗೋಣಿ ಎಳೆದು ಬಿಸುಟಳು. ಮಗಳ ಬೆನ್ನು ಕಣ್ಣ ಮುಂದೆ ಬಂತು. ಇನ್ನು ಹತ್ತು ವರ್ಷವಾದರೂ ಅದರ ಮೇಲೆ ಕೈಯಿಟ್ಟು ಮಲಗಬೇಕು. ಇವನು ಹಾಳಾಗಿ ಹೋಗಲಿ, ಬದುಕಿಕೊಳ್ಳಲಿ. ಕೈ ಮೇಲೆತ್ತಿದಳು.

ಪಾಪಿ ಕಣ್ಣು ತೆರೆದ.

ಗಾರೆಯ ರೆಪ್ಪೆ ಬಿರಿದು ಒಳಗೆ ಒದ್ದೆ ಕಣ್ಣು ಹೊರಳಿತು. ಸೊಟ್ಟ ಮೂಗು ಉಸಿರಿಗೆ ಒದ್ದಾಡಿತು. "ಅಮ್ಮಾ," ಎಂದಿತು ಬಾಯಿ. ಆಸ್ಪತ್ರೆಯ ಹಾಸಿಗೆಯಿಂದ ಬರುತ್ತಿದ್ದಂತೆ ದೂರದ ದನಿ. "ಬಿಡಿಸಮ್ಮಾ. ಯಾರು ನೀನು?"

"ಬಾಯ್ಲರಿನವನ ಹೆಂಡತಿ."

ಕಣ್ಣುಗಳು ಅವಳ ಮೇಲೆ ನಿಂತವು. ಗುರುತು ಹಿಡಿದವು.

"ಒಂದೇ ಮಾತು ಹೇಳು," ಎಂದಳು ಅವಳು. "ವಾಲ್ವ್ ಕೆಟ್ಟಿದ್ದು ಗೊತ್ತಿತ್ತು ಅನ್ನು. ಅವನು ನಿದ್ದೆ ಮಾಡ್ತಿರಲಿಲ್ಲ ಅನ್ನು. ಈಗಲೇ ಬಿಡಿಸ್ತೀನಿ."

"ತಾಯಿ, ಅವನು ಏನಾದರೂ ಹೇಳಲಿ. ನೀನು ಹೊಡಿ!" ಮೇಸ್ತ್ರಿ ಕೂಗಿದ.

ಪಾಪಿಯ ಕೆಳತುಟಿ ನಿಧಾನಕ್ಕೆ ಒಳಕ್ಕೆ ಮಡಚಿಕೊಂಡಿತು. ಅದೇ ಮರುಕ. ಅದೇ ನಯ.

"ಪಾಪ, ಒಳ್ಳೆ ಮನುಷ್ಯ," ಎಂದಿತು. "ನಿದ್ದೆ ಮಾಡಿಬಿಟ್ಟಿದ್ದ."

ಅವಳು ಕೊಡತಿ ಇಳಿಸಿದಳು. ಪಕ್ಕಕ್ಕೆ ಇಟ್ಟಳು. ಹೂವು ಇಟ್ಟಷ್ಟು ಮೆಲ್ಲಗೆ.

"ಬೇಡ! ಮಗಳಿದಾಳೆ ನಿನಗೆ! ಮಗಳ ಮುಖ ನೆನಸ್ಕೋ!"

ನೆನೆಸಿಕೊಂಡಳು. ಕಬ್ಬಿಣದ ಬಾಗಿಲಿನ ಈಚೆ ಡಬ್ಬಿ ಹಿಡಿದು ನಿಂತ ಏಳು ವರ್ಷದ ಮುಖ. ಅದೊಂದೇ ನೆನಪಾಯಿತು. ತಿರುಗಿದಳು. ಎರಡು ಹೆಜ್ಜೆ. ಕೈ ಚಾಚಿದಳು. ಕಿಂಕರನ ಮುಷ್ಟಿಯ ಮೇಲೆ ತನ್ನ ಮುಷ್ಟಿ ಬಿಗಿದಳು. ಸೌಟು ಬಿಸಿಯಾಗಿತ್ತು. ಎತ್ತಿದಳು. ಎದ್ದಿತು. ಹಗುರವಾಗಿತ್ತು! ಸುರಿದಳು. ಪಾಪಿ ಕೂಗಿದ. ಇನ್ನೊಂದು. ಕೂಗಿದ. ಇನ್ನೊಂದು. ಮೇಸ್ತ್ರಿ ಕಿವಿ ಮುಚ್ಚಿಕೊಂಡು ಕುಸಿದ. ಇನ್ನೊಂದು. ಕೋಣೆಯ ಬಾಗಿಲಲ್ಲಿ ಬಿಟ್ಟಿದ್ದ ಅವಳ ಚೀಲದಲ್ಲಿ ಫೋನು ಬಡಿದುಕೊಂಡಿತು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಅಕ್ಕನೇ ಇರಬೇಕು. ಅವನು ಹೋದನೆಂದು ಹೇಳಲು ಇರಬೇಕು.

ಆಗ ಬೆರಳುಗಳು ತಣ್ಣಗಾದವು. ಬಿಡಿಸಲು ನೋಡಿದಳು. ಬರಲಿಲ್ಲ. ಆ ತಂಪು ಮೊಣಕೈಗೆ ಏರಿತು. ಭುಜಕ್ಕೆ. ಕತ್ತಿಗೆ. ಬಾಯಿಗೆ ಸುಣ್ಣದ ರುಚಿ ಬಂತು.

ಮೊದಮೊದಲು ಸುಖವಾಗಿಯೇ ಇತ್ತು.

ಪ್ರತಿ ಸೌಟಿಗೂ ಗಂಡನನ್ನು ನೆನೆದಳು. ಪ್ರತಿ ಕೂಗೂ ಕಿವಿಗೆ ಜೇನಾಗಿತ್ತು. ಬೆನ್ನ ಹಿಂದೆ ಜನ ಬಂದು ಹೋಗುತ್ತಿದ್ದರು. ಚಪ್ಪಲಿ ಸದ್ದು, ಪಿಸುಮಾತು, ಮಕ್ಕಳ ಅಳು. ಅವರಿಗೆ ಕಾಣುವುದು ಅಲ್ಲಾಡದ ಗಾರೆಯ ಬೊಂಬೆಗಳು. ಅವರೆಲ್ಲರೂ ಬೇಯುವವನನ್ನೇ ನೋಡಿ ಮುಂದೆ ಹೋದರು.

ಒಂದು ಸಲ ಅಕ್ಕನ ದನಿ ಕೇಳಿಸಿತು. ಮೇಸ್ತ್ರಿಯನ್ನು ಬಯ್ಯುತ್ತಿದ್ದಳು. "ಕೆಲಸಕ್ಕೆ ಅಂತ ಬಂದವಳು ಎಲ್ಲಿ ಹೋದಳು ಅಂತ ನಿಮಗೆ ಗೊತ್ತಿಲ್ಲ ಅಂದ್ರೆ ಯಾರಿಗೆ ಗೊತ್ತಿರುತ್ತೆ?" ಆಮೇಲೆ, ಬಲು ಹತ್ತಿರದಿಂದ, ಇನ್ನೊಂದು ದನಿ.

"ದೊಡ್ಡಮ್ಮಾ, ಈ ಬೆನ್ನು ಅಮ್ಮನ ಥರಾನೇ ಇದೆ."

ತಿರುಗಬೇಕು. ಒಂದೇ ಒಂದು ಸಲ. ಕತ್ತಿನ ಒಂದೊಂದು ನರವನ್ನೂ ಹುರಿಗೊಳಿಸಿದಳು. ಕೂಗಿದಳು. ಬಾಯಲ್ಲಿದ್ದದ್ದು ಗಾರೆ. ಸೌಟು ತನ್ನಷ್ಟಕ್ಕೆ ಇಳಿಯಿತು, ತುಂಬಿತು, ಎದ್ದಿತು.

"ಹುಚ್ಚು ಹುಡುಗಿ, ಬಾ," ಎಂದಳು ದೊಡ್ಡಮ್ಮ. ಪುಟ್ಟ ಹೆಜ್ಜೆಗಳು ದೂರವಾದವು.

ಆ ಹೆಜ್ಜೆಗಳ ಜೊತೆಗೇ ಸಿಟ್ಟೂ ಹೊರಟುಹೋಯಿತು. ಹುಡುಕಿದಳು. ಎಲ್ಲೂ ಸಿಗಲಿಲ್ಲ. ಗಂಡನ ಮುಖ ನೆನೆಯಲು ಹೋದರೆ ಬರುತ್ತಿದ್ದದ್ದು ಕೊಪ್ಪರಿಗೆಯಲ್ಲಿದ್ದವನ ಮುಖ. ಹಗಲಿರುಳು ಕಣ್ಣಂಚಿನಲ್ಲಿ ಕಾಣುತ್ತಿದ್ದದ್ದು ಅದೊಂದೇ ಅಲ್ಲವೇ. ಗಂಡನ ಕಣ್ಣು ಯಾವ ಬಣ್ಣ? ನಗುವಾಗ ಹೇಗಿದ್ದ? ಗೊತ್ತಾಗಲಿಲ್ಲ. ತೋಳಿನ ಮಾಂಸವೆಲ್ಲ ಹರಿದು ಎಳೆ ಎಳೆಯಾದ ಹಾಗೆ ನೋವು. ಸೌಟು ಇಳಿಯಿತು, ಎದ್ದಿತು.

ಎಷ್ಟು ಕಾಲವಾಗಿತ್ತೋ. ಒಂದು ದಿನ ಲಾಂಡ್ರಿ ಧಣಿ ಕೂಗುವುದನ್ನು ನಿಲ್ಲಿಸಿದ. ಎಣ್ಣೆ ತಲೆಯಿಂದ ಇಳಿಯುತ್ತಿದ್ದರೂ ಸುಮ್ಮನೆ ಅವಳತ್ತ ನೋಡಿದ.

"ಗೊತ್ತಿತ್ತು," ಎಂದ. "ವಾಲ್ವ್ ಕೆಟ್ಟಿದೆ ಅಂತ ಮೂರು ಸಲ ಹೇಳಿದ್ದ ನಿನ್ನ ಗಂಡ. ನಿದ್ದೆ ಮಾಡಿರಲಿಲ್ಲ. ಸುಳ್ಳು ಹೇಳಿದ್ದು ನಾನು."

ಇಷ್ಟು ಕೇಳಲೆಂದೇ ಮಗಳನ್ನು ಬಿಟ್ಟು ನಿಂತಿದ್ದಳು ಅವಳು. ಒಳಗೆ ಏನಾದರೂ ಆಗುತ್ತದೆಯೇ ಎಂದು ಕಾದಳು. ಏನೂ ಆಗಲಿಲ್ಲ. ಕೈ ಮಾತ್ರ ಎದ್ದು ಇನ್ನೊಂದು ಸೌಟು ಸುರಿಯಿತು.

"ಹೇಳಿದೆನಲ್ಲಮ್ಮಾ. ಇನ್ನಾದ್ರೂ ನಿಲ್ಲಿಸು."

"ನಿಲ್ಲಿಸೋಕೆ ಬರ್ತಿಲ್ಲ," ಎಂದಳು. ಆ ಮಾತು ಅವನಿಗೊಬ್ಬನಿಗೇ ಕೇಳಿಸಿತು.

ರೆಪ್ಪೆಗೂದಲೂ ಉಳಿಯದ ಕಣ್ಣುಗಳಿಂದ ಅವನು ಅವಳನ್ನು ಬಹಳ ಹೊತ್ತು ನೋಡಿದ. ಊದಿಕೊಂಡ ಭುಜವನ್ನು, ತೊಗಲು ಸುಲಿದ ಅಂಗೈಯನ್ನು. ಈ ಸಲ ಅವನ ಕೆಳತುಟಿ ಮಡಚಿಕೊಳ್ಳಲಿಲ್ಲ.

"ಕೈ ತುಂಬ ನೋಯ್ತಿದೆಯಾ?" ಎಂದು ಕೇಳಿದ.

"ಹೂಂ," ಎಂದಳು ಅಚ್ಚಿನಮ್ಮ. ಅಳು ಬಂತು, ಕಣ್ಣೀರು ಬರಲಿಲ್ಲ. ಸೌಟು ಮತ್ತೆ ಎಣ್ಣೆಯಲ್ಲಿ ಮುಳುಗಿತು. ಅವನು ಕಣ್ಣು ಮುಚ್ಚಿಕೊಂಡು, ಅವಳಿಗೆ ಎಟುಕುವ ಹಾಗೆ ತಲೆಯನ್ನು ತುಸು ಮುಂದಕ್ಕೆ ಚಾಚಿದ.